ನನ್ನ ಹಳೇ ಸೆಲ್ಲುಗಳು ಮತ್ತು ಅಕ್ಕನ ಮಗಳ ತಾಳಿ

ಕೈಯಲ್ಲಿ ನಾಲ್ಕು ಚಾರ್ಜಿಂಗ್ ಸೆಲ್ ಹಿಡಿದುಕೊಂಡು ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಸುತ್ತು ಬನ್ನಿ, ದಾರಿಯುದ್ದಕ್ಕೂ ಡಾಕ್ಟರುಗಳೇ ಸಿಗುತ್ತಾರೆ. ಟೀ ಅಂಗಡಿಯವನು ಫ್ರಿಜ್ಜಿನಲ್ಲಿಡು ಅನ್ನುತ್ತಾನೆ, ಆಟೋದವನು ಬಿಸಿಲಿಗಿಡು ಅನ್ನುತ್ತಾನೆ, ಹೂವಿನವಳು ಹಲ್ಲಲ್ಲಿ ಕಚ್ಚು ಅನ್ನುತ್ತಾಳೆ. ಅಲ್ಲಿ ನನ್ನದೊಂದು ಪುಟ್ಟ ಫೋಟೊ ಸ್ಟುಡಿಯೊ ಇದೆ. ಕ್ಯಾಮೆರಾ ಹಳೆಯದು, ಅದರ ಹೊಟ್ಟೆಗೆ ಹಾಕುವ ಸೆಲ್ಲುಗಳಿಗೂ ವಯಸ್ಸಾಗಿದೆ. ಹೊಸದು ತಗೋ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಇವು ಯಾಕೆ ಹೀಗಾಡುತ್ತವೆ ಅಂತ ತಿಳಿಯದೆ ಬಿಸಾಡೋಕೆ ನನಗೆ ಮನಸ್ಸಿಲ್ಲ.

ಬಂಗಾರಪೇಟೆಯಲ್ಲಿರುವ ನನ್ನ ಅಕ್ಕನಿಗೆ ಮಾತ್ರ ಈ ಕುತೂಹಲ ಕಂಡರೆ ಮೈಯೆಲ್ಲ ಉರಿ. ಅವಳ ದೊಡ್ಡ ಮಗಳ ಮದುವೆ ಆಲ್ಬಮ್ಮಿನಲ್ಲಿ ಒಂದು ಫೋಟೊದಲ್ಲಿ ತಾಳಿ ತೆಂಗಿನಕಾಯಿ ಮೇಲಿದೆ, ಮುಂದಿನದರಲ್ಲಿ ಮಗಳ ಕೊರಳಲ್ಲಿದೆ. ನಡುವೆ ಏನಾಯಿತು ಅಂದರೆ, ಸೆಲ್ ಹೋಯಿತು. ನೆಂಟರ ಫೋನುಗಳಲ್ಲಾದರೂ ಬಂದಿರಬಹುದು ಅಂತ ಹುಡುಕಿಸಿದಳು. ಎಲ್ಲರೂ ಫೋನ್ ಎತ್ತಿ ಹಿಡಿದಿದ್ದರಿಂದ, ಎಲ್ಲರ ಫೋಟೊದಲ್ಲೂ ಬೇರೆಯವರ ಫೋನೇ ಬಂದಿತ್ತು.

ಈಗ ಕಾರ್ತಿಕದಲ್ಲಿ ಚಿಕ್ಕವಳ ಮದುವೆ ಗೊತ್ತಾಯಿತು. ಅಕ್ಕ ಬೆರಳು ತೋರಿಸಿ ಹೇಳಿದಳು: "ಈ ಸಲಾನೂ ತಾಳಿ ಪಟ ಬರ್ಲಿಲ್ಲ ಅಂದ್ರೆ ನಮ್ಮನೆ ಒಸ್ಲು ತುಳೀಬ್ಯಾಡ ಕಣ್ಲಾ!"

ಅಕ್ಕ ಆಡಿದ್ದನ್ನು ಮಾಡುವವಳು. ನನಗೆ ನಿಜಕ್ಕೂ ಭಯ ಹತ್ತಿತು.

ಸುಧಾರಿಸಿಕೊಂಡರೆ ಸರಿ

ಮೊದಲು ರೋಗ ಏನು ಅಂತ ಗಮನಿಸತೊಡಗಿದೆ. ರಾತ್ರಿಯೆಲ್ಲ ಚಾರ್ಜಿಗಿಟ್ಟರೆ ಹಸಿರು ದೀಪ ಬರುತ್ತದೆ. ಕ್ಯಾಮೆರಾಕ್ಕೆ ಹಾಕಿದರೆ ಎರಡು ಫೋಟೊ ತೆಗೆದು ಕಣ್ಣು ಮುಚ್ಚುತ್ತದೆ. ಸೆಲ್ ಹೊರಗೆ ತೆಗೆದು, ಪ್ಯಾಂಟಿಗೆ ಉಜ್ಜಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆರಡು ಕೊಡುತ್ತದೆ! ಖಾಲಿಯಾಗಿದ್ದರೆ ಈ ಎರಡು ಎಲ್ಲಿಂದ ಬಂದವು? ಖಾಲಿಯಾಗಿಲ್ಲದಿದ್ದರೆ ಆಗ ಯಾಕೆ ಕೊಡಲಿಲ್ಲ?

ಹೀಗೆ ಯೋಚಿಸುತ್ತ ನಿಂತಿದ್ದಾಗ ಸ್ಟೂಲಿನ ಮೇಲೆ ಒಬ್ಬ ತಾತ ಪಾಸ್‌ಪೋರ್ಟ್ ಫೋಟೊಗೆ ಎದೆ ಸೆಟೆಸಿ ಕೂತಿದ್ದರು. ಉಸಿರು ಬಿಗಿಹಿಡಿದು ಮುಖವೆಲ್ಲ ಕೆಂಪಾಗಿತ್ತು.

"ತಾತಾ, ಉಸಿರು ಬಿಡಿ, ಸೆಲ್ ಹೋಯ್ತು," ಅಂದೆ.

ತಾತ ಬುಸ್ ಅಂತ ಉಸಿರು ಬಿಟ್ಟು, ನನ್ನ ಪ್ರಶ್ನೆಯನ್ನೆಲ್ಲ ಕೇಳಿಸಿಕೊಂಡರು. "ಅದ್ರಲ್ಲೇನಪ್ಪಾ ಆಶ್ಚರ್ಯ? ನಾನೂ ಬಸ್ ಸ್ಟ್ಯಾಂಡಿಂದ ಇಲ್ಲಿಗೆ ಅಂಗೇ ಬಂದಿದ್ದು. ಕುಂತ್ಕೊಂಡ್ರೆ ಇನ್ನೊಂದಷ್ಟು ದೂರ ಕಾಲ್ ಬತ್ತದೆ. ನನ್ನನ್ನೇನು ಬಿಸಾಕ್ತೀಯಾ?"

ಭಕ್ತಿ ಜಾಸ್ತಿ

ಆಯುಧಪೂಜೆಯ ಮಾರನೇ ದಿನ ಕ್ಯಾಮೆರಾ ಆ ಎರಡು ಫೋಟೊವನ್ನೂ ಕೊಡಲಿಲ್ಲ. ಒತ್ತಿದೆ, ಅಲ್ಲಾಡಿಸಿದೆ, ಬೇಡಿಕೊಂಡೆ. ಮದುವೆಗೆ ಹೆಚ್ಚು ದಿನವಿರಲಿಲ್ಲ. ಬಂಗಾರಪೇಟೆಯಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವವನ ಬಳಿಗೆ ಓಡಿದೆ.

ಅವನು ಸೆಲ್ಲಿನ ಮುಚ್ಚಳ ತೆಗೆದವನೇ ನನ್ನ ಮುಖ ನೋಡಿದ. ಪ್ರತಿ ಸೆಲ್ಲಿನ ತಲೆಯ ಮೇಲೂ ದಪ್ಪಗೆ ಅರಿಶಿನ, ಅದರ ಮೇಲೆ ಕುಂಕುಮ. ಬುಡಕ್ಕೆ ವಿಭೂತಿ. ಕರೆಂಟಿಗೆ ಒಳಗೆ ಬರಲು ಹೊರಗೆ ಹೋಗಲು ದಾರಿಯೇ ಇಲ್ಲ.

ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿದೆ. "ಕ್ಯಾಮೆರಾಕ್ಕೆ ಮಾತ್ರ ಪೂಜೆ ಮಾಡಿದ್ರೆ ಸಾಕಾ? ದುಡಿಯೋವು ಅವಲ್ವಾ?" ಅಂದಳು.

ಅಂಗಡಿಯವನು ಒಣಬಟ್ಟೆಯಲ್ಲಿ ಒರೆಸಿ, ರಬ್ಬರಿನಿಂದ ಉಜ್ಜಿ ಕೊಟ್ಟ. ಕಾಯಿಲೆ ಏನಣ್ಣಾ ಅಂತ ಕೇಳಿದೆ.

"ಕಾಯ್ಲೆ ಏನೂ ಇಲ್ಲಣ್ಣ," ಅಂದ. "ಭಕ್ತಿ ಜಾಸ್ತಿ ಆಗದೆ."

ಮೊಳೆಗೆ ಗೊತ್ತಾಗಬೇಕು

ಒರೆಸಿದ ಮೇಲೂ ಮತ್ತದೇ ಎರಡು ಫೋಟೊ. ಆಗ ಯಾರೋ ನಮ್ಮೂರ ಕೋರಮಂಡಲ್ ಬಡಾವಣೆಯ ಒಬ್ಬ ತಮಿಳು ತಾತನ ಬಳಿ ಹೋಗು ಅಂದರು; ಹಿರಿಯರು ಅಂತ ಎಲ್ಲರೂ ಅವರನ್ನು ಪೆರಿಯವರು ಅನ್ನುತ್ತಾರೆ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವರು ಲ್ಯಾಂಪ್ ರೂಮಿನಲ್ಲಿದ್ದವರು. ಗಣಿಗೆ ಇಳಿಯುವವರ ತಲೆದೀಪಗಳನ್ನು ಚಾರ್ಜ್ ಮಾಡಿ, ಅವರವರ ಟೋಕನ್ ಇಸಿದುಕೊಂಡು ಮೊಳೆಗೆ ಹಾಕಿ, ದೀಪ ಕೊಡುವುದು ಅವರ ಕೆಲಸ. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಮನೆ ಗೋಡೆಯ ಮೇಲೆ ಹಲಗೆ, ಹಲಗೆ ತುಂಬ ಮೊಳೆ ಹಾಗೇ ಇವೆ.

ನಾನು ಕ್ಯಾಮೆರಾದ ನಾಲ್ಕು, ಮನೆಯಲ್ಲಿದ್ದ ಇನ್ನು ನಾಲ್ಕು, ಒಟ್ಟು ಎಂಟು ಹಳೇ ಸೆಲ್ಲನ್ನೂ ಒಪ್ಪಿಸಿದೆ. ಅವರು ಮೊಳೆಯಿಂದ ಒಂದು ಸೋಡಾ ಬಾಟಲಿ ಮುಚ್ಚಳ ತೆಗೆದು ಕೈಗಿಟ್ಟರು. "ಟೋಕನ್, ತಂಬಿ. ಇದು ತಂದ್ರೆ ಸೆಲ್ಲು."

ಮದುವೆಯ ಬೆಳಿಗ್ಗೆ ಸ್ಕೂಟರಿನಲ್ಲಿ ಹೋದೆ. ಪೆರಿಯವರು ಒಂದೊಂದೇ ಸೆಲ್ಲನ್ನು ಪುಟ್ಟ ಬಲ್ಬಿಗೆ ಕಟ್ಟಿ ಉರಿಸಿ ನೋಡಿ, ಚೆನ್ನಾಗಿರುವ ನಾಲ್ಕನ್ನು ಬೇರೆ ಮಾಡಿದ್ದರು. "ಒಬ್ಬ ಸೋಂಬೇರಿ ಸೇರ್ಕೊಂಡ್ರೂ ಸಾಕು ತಂಬಿ, ಇಡೀ ಗ್ಯಾಂಗ್ ಕೂತ್ಬಿಡ್ತದೆ," ಅಂದರು. ಇಷ್ಟು ದಿನದ ಒಗಟು ಬಗೆಹರಿದ ಖುಷಿಗೆ ಸೆಲ್ಲಿಗಾಗಿ ಕೈ ಚಾಚಿದೆ.

"ಟೋಕನ್?"

ಜೇಬು ತಡಕಿದೆ, ಇರಲಿಲ್ಲ.

"ಟೋಕನ್ ಇಲ್ದೆ ಕೊಟ್ರೆ ಯಾರು ತಗೊಂಡ್ರು ಅಂತ ಎಂಗೆ ಗೊತ್ತಾಗೋದು?"

"ನಾನೇ ತಗೋತಿರೋದು ತಾತಾ! ನಿಮ್ಮ ಎದುರಿಗೇ ನಿಂತಿದ್ದೀನಲ್ಲ!"

"ಅದು ನಂಗೊತ್ತು. ಮೊಳೆಗೆ ಗೊತ್ತಾಗ್ಬೇಕಲ್ಲ?"

ನಗು ಬಂತು. ಆದರೆ ಅವರು ನಗಲಿಲ್ಲ. ಗಣಿಯ ಕೆಳಗೆ ಏನಾದರೂ ಆದರೆ, ಯಾರು ಇನ್ನೂ ಮೇಲೆ ಬಂದಿಲ್ಲ ಅಂತ ಹೇಳುತ್ತಿದ್ದದ್ದು ಮೊಳೆಯ ಮೇಲಿನ ಆ ಟೋಕನ್ನೇ ಅಂತೆ. ಮರ್ಯಾದೆಯಿಂದ ಸ್ಕೂಟರಿನ ಕೀ ತೆಗೆದು ಮೊಳೆಗೆ ನೇತುಹಾಕಿದೆ. ಪೆರಿಯವರು ಸೆಲ್ ಕೊಟ್ಟು, "ಉಷಾರಾಗಿ ಮೇಲೆ ಬಾ ತಂಬಿ," ಅಂತ ಬೀಳ್ಕೊಟ್ಟರು. ಮೇಲೆ ಬರುವುದಿರಲಿ, ನಾನು ಬಂಗಾರಪೇಟೆಗೆ ನಿಂತುಕೊಂಡು ಬಸ್ಸಿನಲ್ಲಿ ಹೋದೆ.

ಗಟ್ಟಿಮೇಳ

ಛತ್ರದ ಬಾಗಿಲಲ್ಲೇ ಅಕ್ಕ ಕಾದು ನಿಂತಿದ್ದಳು. "ಸೆಲ್ಲು?" ಅಂದಳು. ಬಾ ಅಂತಲೂ ಅನ್ನಲಿಲ್ಲ. ಒಳಗೆ ಕಾಲಿಟ್ಟರೆ ಭಾವ "ಸೆಲ್ಲು?" ಅಂದರು. ಅಡುಗೆಯವರೂ ಸೌಟು ಹಿಡಿದೇ ಇಣುಕಿ ಕೇಳಿದರು. ದೊಡ್ಡ ಮಗಳ ಆಲ್ಬಮ್ಮಿನ ಕಥೆಯನ್ನು ಅಕ್ಕ ಬೀಗರಿಗೂ ಹೇಳಿಬಿಟ್ಟಿದ್ದಳು. ಹಸೆಮಣೆ ಮೇಲಿಂದ ಮದುವೆ ಗಂಡು ಹುಬ್ಬು ಹಾರಿಸಿ, ಕೈಸನ್ನೆಯಲ್ಲೇ "ಇದೆಯಾ?" ಅಂದ. ನಾನು ಹೆಬ್ಬೆರಳು ತೋರಿಸಿದೆ. ಯಾರ ಮುಖದಲ್ಲೂ ನಂಬಿಕೆ ಕಾಣಲಿಲ್ಲ.

ಮುಹೂರ್ತ ಬಂತು. ಪುರೋಹಿತರು ಗಟ್ಟಿಮೇಳ ಅಂದರು, ಓಲಗದವರು ಛತ್ರ ನಡುಗುವ ಹಾಗೆ ಬಾರಿಸಿದರು. ಗಂಡು ತಾಳಿ ಎತ್ತಿದ. ನಾನು ಗುಂಡಿಗೆ ಬೆರಳಿಟ್ಟೆ. ಒತ್ತಿದೆ.

ಪಳ್ ಅಂತ ಫ್ಲ್ಯಾಶ್ ಬಂತು. ಇನ್ನೊಂದು ಸಲ ಬಂತು, ಮತ್ತೊಂದು ಸಲ ಬಂತು! ಕ್ಯಾಮೆರಾ ಸಾಯಲಿಲ್ಲ. ಊಟದ ಪಂಕ್ತಿ ಮುಗಿದರೂ ಸಾಯಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಅಕ್ಕನ ಮಗಳನ್ನು ಕಳಿಸಿಕೊಡುವ ದುಃಖ ಅಂತ ಎಲ್ಲರೂ ಸಮಾಧಾನ ಮಾಡಿದರು.

ಸ್ಟುಡಿಯೊಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದೆ. ಫೋಟೊ ಕನ್ನಡಿಯಷ್ಟು ಸ್ಪಷ್ಟ. ತಾಳಿ ಇದೆ, ಕೊರಳಿದೆ, ಗಂಡಿನ ಕೈಯಿದೆ. ಆದರೆ ಒಬ್ಬರೂ ತಾಳಿ ನೋಡುತ್ತಿಲ್ಲ. ಗಂಡು, ಹೆಣ್ಣು, ಪುರೋಹಿತರು, ಅಕ್ಷತೆ ಹಿಡಿದ ಅಕ್ಕ, ಕೆನ್ನೆ ಉಬ್ಬಿಸಿಕೊಂಡ ಓಲಗದವರು, ಎಲ್ಲರೂ ಉಸಿರು ಬಿಗಿಹಿಡಿದು ನೆಟ್ಟ ನೋಟದಲ್ಲಿ ಕ್ಯಾಮೆರಾವನ್ನೇ ನೋಡುತ್ತಿದ್ದಾರೆ. ಅಕ್ಕನ ಬಾಯಂತೂ ದೇವರನ್ನು ನೆನೆಯುತ್ತಿದೆ.

ಒಸ್ಲು ತುಳಿಯುವುದು ಇನ್ನು ಮುಗಿಯಿತು ಅಂದುಕೊಂಡೇ ಪ್ರಿಂಟ್ ಕೊಟ್ಟೆ. ಅಕ್ಕ ಒಬ್ಬೊಬ್ಬರ ಮುಖದ ಮೇಲೂ ಬೆರಳಿಟ್ಟು ನೋಡಿದಳು. ಆಮೇಲೆ ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿ, ಬಾಗಿಲಿಗೆ ಎದುರಾಗಿ ಗೋಡೆಗೆ ಹಾಕಿದಳು.

ಮನೆಗೆ ಬಂದವರೆಲ್ಲ ಕೇಳುತ್ತಾರೆ: "ಇದೇನಮ್ಮಾ, ತಾಳಿ ಕಟ್ಟೋ ಒತ್ತಿನಾಗೆ ಎಲ್ಲಾ ಅಂಗೆ ಏನು ನೋಡ್ತಾವ್ರೆ?"

ಅಕ್ಕ ಸೆರಗು ಸರಿಮಾಡಿಕೊಂಡು ಹೆಮ್ಮೆಯಿಂದ ಹೇಳುತ್ತಾಳೆ: "ನಮ್ ತಮ್ಮನ ಸೆಲ್ಲು!"