ವಜ್ರದ ತುಣುಕಿಗೆ, ದೊಡ್ಡಮ್ಮನ ಬಕೆಟ್ಟಿನ ವಿಚಾರವಾಗಿ

ಮಾನ್ಯ ವಜ್ರದ ತುಣುಕಿನವರೇ,

ತಾವು ನಿಜ ಹೇಳಿದ್ದರಿಂದ ನಮ್ಮ ದೊಡ್ಡಮ್ಮನ ಕೆಲಸ ಹೋಗಿದೆ. ಅಕ್ಕಿಕಾಳಿಗಿಂತ ಚಿಕ್ಕವರಾದ ತಮ್ಮ ಮೇಲೆ ಇಷ್ಟು ದೊಡ್ಡ ಆಪಾದನೆ ಹೊರಿಸುತ್ತಿರುವುದಕ್ಕೆ ಕ್ಷಮೆ ಕೋರಿ, ತಮ್ಮ ಹೊಳೆಯುವ ಸನ್ನಿಧಿಗೆ ಗೌರವದ ವಂದನೆಗಳನ್ನು ಸಲ್ಲಿಸುತ್ತೇನೆ.

ತಮ್ಮೊಳಗೆ ಒಂದು ಪರಮಾಣು ಇರಬೇಕಾದಲ್ಲಿ ಖಾಲಿ ಜಾಗವಿದೆಯಂತೆ, ಅಲ್ಲಿ ಕೂತ ಎಲೆಕ್ಟ್ರಾನಿನ ಸ್ಪಿನ್ ಎಂಬ ಪುಟ್ಟ ಕಾಂತಗುಣ ಅತಿ ಸಣ್ಣ ಕಾಂತಕ್ಷೇತ್ರಕ್ಕೂ ಓಗೊಡುತ್ತದಂತೆ. ಹಸಿರು ಬೆಳಕು ಬಿಟ್ಟರೆ ತಾವು ಕೆಂಪಗೆ ಹೊಳೆದು, ಆ ಹೊಳಪಿನ ಏರಿಳಿತದಲ್ಲೇ ಎಲ್ಲವನ್ನೂ ಹೇಳಿಬಿಡುತ್ತೀರಂತೆ. ಹತ್ತಿರದಲ್ಲಿ ಕಬ್ಬಿಣ ಅಲುಗಿದರೂ ತಮಗೆ ಮುಚ್ಚಿಡಲು ಬರುವುದಿಲ್ಲ. ಇಂಥ ಸ್ವಭಾವ ಇಟ್ಟುಕೊಂಡು ತಾವು ಈ ಪ್ರಯೋಗಾಲಯದಲ್ಲಿ ಇನ್ನೂ ನೌಕರಿಯಲ್ಲಿರುವುದೇ ಸೋಜಿಗ.

ಕಳೆದ ತಿಂಗಳು ತಮ್ಮ ಅಳತೆ ದಿನಕ್ಕೆ ನಾಲ್ಕು ಸಲ ಒಂದೇ ಕಡೆಗೆ ವಾಲಿತು. ಕಾರಿಡಾರ್ ಒರೆಸುವ ದೊಡ್ಡಮ್ಮನ ತಗಡಿನ ಬಕೆಟ್ಟೇ ಇದಕ್ಕೆ ಕಾರಣವೆಂದು ನಿರ್ದೇಶಕರು ಹತ್ತು ನಿಮಿಷದಲ್ಲಿ ತೀರ್ಮಾನಿಸಿ, ಅವರನ್ನೂ ಬಕೆಟ್ಟನ್ನೂ ಹೊರಗೆ ಕಳಿಸಿದರು. “ನಾನು ಒರೆಸೋದು ದಿನಕ್ಕೆ ಒಂದೇ ಸಲ ಕಣಪ್ಪಾ, ಉಳಿದ ಮೂರು ಸಲ ಬಕೆಟ್ ತಾನೇ ನಡ್ಕೊಂಡು ಹೋಯ್ತಾ ಅಂತ ಕೇಳು” ಎಂದು ದೊಡ್ಡಮ್ಮ ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಅವರು ಹೋಗಿ ಹನ್ನೆರಡು ದಿನವಾಯಿತು. ತಾವು ಈಗಲೂ ನಾಲ್ಕು ಸಲ ವಾಲುತ್ತೀರಿ. ತಮ್ಮ ಅಳತೆಯ ಹಾಳೆಗಳು ಫೈಲಿಗೆ ಸೇರಲು ಉಗ್ರಾಣದ ನನ್ನ ಮೇಜಿಗೇ ಬರುವುದರಿಂದ ಗಡಿಯಾರಕ್ಕೆ ಹೊಂದಿಸಿ ನೋಡಿದೆ: ನಿರ್ದೇಶಕರು ಬರುವಾಗ, ಊಟಕ್ಕೆ ಇಳಿಯುವಾಗ, ಉಂಡು ಏರುವಾಗ, ಮನೆಗೆ ಹೊರಡುವಾಗ. ಅಳತೆಯ ವೇಳೆ ಯಾರೂ ಲಿಫ್ಟ್ ಬಳಸಕೂಡದೆಂಬ ಫಲಕದ ಮೇಲೆ ಅವರದೇ ಸಹಿ ಇದೆ. ಆದರೂ ತಮ್ಮ ಗೋಡೆಯಾಚೆ ಟನ್ನುಗಟ್ಟಲೆ ಕಬ್ಬಿಣ ಅವರೊಬ್ಬರನ್ನು ಹೊತ್ತು ಸರಿಯುತ್ತದೆ.

ಅವರು ಕಂಡುಕೊಂಡ ಪರಿಹಾರವನ್ನು ಮೆಚ್ಚಲೇಬೇಕು: ಲಕ್ಷ ಸಲ ಅಳೆದು ಸರಾಸರಿ ತೆಗೆಯುವುದು. ಅತ್ತಿತ್ತ ತೂಗಾಡುವ ತಪ್ಪು ಸರಾಸರಿಯಲ್ಲಿ ಅಳಿಯುತ್ತದೆ. ಸದಾ ಒಂದೇ ಕಡೆಗೆ ಎಳೆಯುವ ತಪ್ಪು ಮಾತ್ರ ಅಳಿಯದೆ, ನಿಖರತೆ ಎಂಬ ಹೆಸರು ಹೊತ್ತು ಕುರ್ಚಿಯಲ್ಲಿ ಕೂರುತ್ತದೆ ಎಂದು ಹತ್ತು ಪುಟದ ಕಿರುಹೊತ್ತಗೆಯೊಂದರಲ್ಲಿ ಓದಿದ್ದೇನೆ. ಅದು ಅಳತೆಯ ಕುರಿತ ಪುಸ್ತಕವೇನೂ ಅಲ್ಲ, ಅಧಿಕಾರದ ಕುರಿತದ್ದು.

ಆದ್ದರಿಂದ ವಿನಂತಿ: ಒಂದೋ ದೊಡ್ಡವರ ಕಬ್ಬಿಣಕ್ಕೆ ಕುರುಡಾಗುವುದನ್ನು ನಮ್ಮೆಲ್ಲರಂತೆ ತಾವೂ ಕಲಿಯಿರಿ, ಇಲ್ಲವೇ ದೊಡ್ಡಮ್ಮನ ಮೇಲ್ಮನವಿಗೆ ಸಾಕ್ಷಿಯಾಗಿರಿ.

ಬೆಲ್ಟಿನ ಬಕಲ್ ಬಿಚ್ಚಿಟ್ಟು ಬರೆದ,
ತಮ್ಮ ವಿಶ್ವಾಸಿ,
ಉಗ್ರಾಣದ ಗುಮಾಸ್ತ

ವಿ.ಸೂ.: ಮೇಲ್ಮನವಿ ಸಮಿತಿ ತಮ್ಮ ಕೋಣೆಗೇ ಬರಲು ಒಪ್ಪಿದೆ. ದೊಡ್ಡಮ್ಮ ಬಕೆಟ್ ಹಿಡಿದು ಮೆಟ್ಟಿಲು ಹತ್ತಿ ಬರುತ್ತಾರೆ. ನಿರ್ದೇಶಕರು ಎಂದಿನಂತೆ ಲಿಫ್ಟಿನಲ್ಲೇ ಬರುವ ಕೃಪೆ ಮಾಡಲಿ. ಯಾರು ಬಂದಾಗ ಎಷ್ಟು ವಾಲುತ್ತೀರೆಂದು ತಾವು ಎಲ್ಲರೆದುರು ಹೊಳೆದು ತೋರಿಸಿದರೆ ಸಾಕು. ಮೂರನೇ ಮಹಡಿ, ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ.