ಜಿರಲೆಗೆ ಹೆದರುವ ದಂಡನಾಯಕ

ನಂಜನಗೂಡಿನ ನಮ್ಮ ಸೋದರಮಾವನ ಮನೆಯಲ್ಲಿ ಸಣ್ಣದೊಂದು ಯುದ್ಧ ಹೂಡುವಷ್ಟು ಸಾಮಾನಿತ್ತು. ಆದರೆ ಒಂದು ಜಿರಲೆ ಕಂಡರೆ ಸಾಕು, ಮಾವ ಮಂಚ ಹತ್ತಿ ಅತ್ತೆಯನ್ನು ಕೂಗುತ್ತಿದ್ದರು! ಅತ್ತೆ ಪೊರಕೆ ಹಿಡಿದು ಬರುವವರೆಗೆ ಗೋಡೆಯ ಮೇಲಿನ ಕತ್ತಿಗಳು ಸುಮ್ಮನೆ ನೇತಾಡುತ್ತಿದ್ದವು.

ಅದು ತೊಂಬತ್ತರ ದಶಕ. ಭಾನುವಾರ ಊರೆಲ್ಲ ಟಿ.ವಿ. ಮುಂದೆ ಕೂತರೆ ಮಾವ ಗುಜರಿ ಅಂಗಡಿಯಲ್ಲಿ ಕೂರುತ್ತಿದ್ದರು. ಹಳೇ ಕತ್ತಿ, ಸಿಪಾಯಿ ಟೋಪಿಯ ಬಿಲ್ಲೆ, ಕೋಟಿನ ಹಿತ್ತಾಳೆ ಗುಂಡಿ, ಯಾವುದಾದರೂ ಸರಿ. ಒಂದು ಗುಂಡಿ ಸಿಕ್ಕಿತೋ, ಅದು ಯಾವ ಪಲ್ಟನ್ನಿನದು ಎಂದು ಮೈಸೂರಿನ ಲೈಬ್ರರಿಗಳನ್ನೆಲ್ಲ ಜಾಲಾಡುವರು. ತಮ್ಮದೇ ಅಂಗಿಯ ಗುಂಡಿ ಕಿತ್ತುಹೋಗಿದ್ದು ಮಾತ್ರ ಗೊತ್ತಾಗುತ್ತಿರಲಿಲ್ಲ!

ಒಮ್ಮೆ ಮೈಸೂರಿನಿಂದ ಬೆಡ್‌ಶೀಟು ಸುತ್ತಿದ ಕತ್ತಿಯೊಂದಿಗೆ ಬಸ್ಸು ಹತ್ತಿದರು.

"ಏನ್ಸಾ ಅದು, ಛತ್ರಿನಾ?" ಎಂದ ಕಂಡಕ್ಟರ್.

"ಇಲ್ಲಪ್ಪ, ಕತ್ತಿ."

ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಮಾವನಿಗೆ ಮೂರು ಜನರ ಸೀಟು ಪೂರ್ತಿ ಸಿಕ್ಕಿತು!

ಅತ್ತೆಗೆ ಇದೆಲ್ಲ ತುಕ್ಕಿನ ಸಂಸಾರ. ಬಂದೂಕಿನ ಮೂತಿಗೆ ಸಿಕ್ಕಿಸುವ ಬಾಕಿನಲ್ಲಿ ಒಂದು ದಿನ ಹಲಸಿನ ಹಣ್ಣು ಬಿಡಿಸುತ್ತಿದ್ದರು. ಮಾವ ಎದೆ ಹಿಡಿದುಕೊಂಡರು.

"ಲೇ, ಅದು ಮಹಾಯುದ್ಧ ನೋಡಿದ್ದು ಕಣೇ!"

"ನೋಡಿರ್ಬೋದು. ಹಲಸಿನ ಮೇಣ ನೋಡಿರ್ಲಿಲ್ವಲ್ಲ!"

ಇಷ್ಟೆಲ್ಲ ಇದ್ದೂ ಮಾವನಿಗೊಂದು ಕೊರಗಿತ್ತು. ಪದಕಗಳಿಗೆಂದೇ ಮಖಮಲ್ಲು ಹೊದಿಸಿ, ಒಂದೊಂದಕ್ಕೂ ಒಂದೊಂದು ಕುಳಿ ಕೊರೆಸಿದ ಪೆಟ್ಟಿಗೆ ಮಾಡಿಸಿದ್ದರು. ನಟ್ಟನಡುವಿನ ಕುಳಿ ಖಾಲಿ. "ಎಲ್ಲೆಲ್ಲಿಯವರದೋ ಇದೆ. ನಮ್ಮ ಸೀಮೆಯ ಒಬ್ಬ ಸಿಪಾಯಿಯದೂ ಇಲ್ವಲ್ಲೋ" ಎಂದು ನನ್ನೆದುರು ಕಣ್ಣು ಒರೆಸಿಕೊಂಡದ್ದೂ ಉಂಟು.

ಹೀಗಿರುವಾಗ ಮಾವ, ಅತ್ತೆ, ನಾನು ತಿ. ನರಸೀಪುರಕ್ಕೆ ಒಂದು ಮದುವೆಗೆ ಹೋದೆವು. ಛತ್ರದ ಹತ್ತಿರ ಮಾವ ಇದ್ದಕ್ಕಿದ್ದಂತೆ ಒಂದು ಹಸುವಿನ ಹಿಂದೆ ಓಡತೊಡಗಿದರು! ಜರಿಪಂಚೆ ಒಂದು ಕಡೆ, ಶಲ್ಯ ಒಂದು ಕಡೆ.

ಹಗ್ಗ ಹಿಡಿದಿದ್ದ ಹೆಂಗಸು ಗಾಬರಿಯಾಗಿ, "ಯಾಕ್ ಸಾ, ಹಾಯ್ತಾ?" ಎಂದಳು. ಐವತ್ತು ದಾಟಿದ್ದಿರಬೇಕು.

ಹಸುವಿನ ಕೊರಳಲ್ಲಿ, ಗಂಟೆಯ ಪಕ್ಕ, ಒಂದು ಪದಕ ತೂಗಾಡುತ್ತಿತ್ತು.

"ಅದಾ? ಯಾವ್ದೋ ರಾಜನ ಕಾಸು ಸಾ. ನಮ್ಮವ್ವ ಸತ್ಮೇಲೆ ಅವ್ಳ ಪೆಟ್ಟಿಗೇಲಿ ಸಿಕ್ತು. ದಿಷ್ಟಿ ಆಗ್ದಿರ್ಲಿ ಅಂತ ಕಟ್ಟಿವ್ನಿ. ಬೇಕಾದ್ರೆ ತಗೊಳ್ಳಿ, ಕವಡೆ ಕಟ್ಕೋತೀನಿ."

ಜಿರಲೆಗೆ ಹೆದರುವ ಮಾವ ಹಸುವಿನ ಕೊರಳು ತಬ್ಬಿ ಗಂಟು ಬಿಚ್ಚಿದರು. ಅದು ಅವರ ತಲೆ ನೆಕ್ಕುತ್ತಿದ್ದರೂ ಪರಿವೆಯಿಲ್ಲ! ಪಂಚೆಯ ತುದಿಯಲ್ಲಿ ಸಗಣಿ ಒರೆಸಿ, ಅಂಚಿನಲ್ಲಿ ಕೊರೆದ ಇಂಗ್ಲಿಷ್ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು: "ಸಿಪಾಯಿ... ಮಾದೇಗೌಡ."

ಹೆಂಗಸಿನ ಕೈಯಿಂದ ಹಗ್ಗ ಜಾರಿತು.

"ಇನ್ನೊಂದ್ಸಲ ಓದಿ ಸಾ."

ಮಾವ ಓದಿದರು.

"ನಮ್ಮಪ್ಪನ ಎಸ್ರು ಅದು! ನಾನು ಅವ್ವನ ಒಟ್ಟೇಲಿದ್ದಾಗ ಮಿಲಿಟ್ರಿ ಸೇರ್ಕಂಡೋರು, ತಿರ್ಗಾ ಬರ್ಲೇ ಇಲ್ಲ. ಒಂದು ಪೋಟನೂ ಇಲ್ಲ ಸಾ ನಮ್ಮತ್ರ."

ಒಂದು ಗುಂಡಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಮಾವ ಅವಳ ಬೆರಳು ಹಿಡಿದು ಒಂದೊಂದೇ ಅಕ್ಷರದ ಮೇಲೆ ಆಡಿಸಿದರು. ಆಮೇಲೆ ಪದಕವನ್ನು ಅವಳ ಅಂಗೈಯಲ್ಲಿಟ್ಟು ಮುಚ್ಚಿದರು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಅಲ್ಲೇ ಅತ್ತುಬಿಟ್ಟಳು.

ಆ ವರ್ಷ ಆಯುಧಪೂಜೆಯ ದಿನ ಮಾವ ಎಂದಿನಂತೆ ಕತ್ತಿಗಳನ್ನೂ ಪೆಟ್ಟಿಗೆಯನ್ನೂ ಸಾಲಾಗಿ ಇಟ್ಟಿದ್ದರು. ಪಕ್ಕದ ಮನೆಯವರು ಇಣುಕಿ, "ಇದೊಂದು ಜಾಗ ಇನ್ನೂ ಖಾಲೀನೇ ಇದೆಯಲ್ಲ ಸಾರ್!" ಎಂದರು.

ಮಾವ ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದು ಆ ಕುಳಿಯಲ್ಲಿ ಒಂದು ಸೇವಂತಿಗೆ ಇಟ್ಟರು.

"ಖಾಲಿ ಅಲ್ಲ ಕಣ್ರೀ. ಅವರು ಮಗಳ ಮನೇಲಿದ್ದಾರೆ" ಎಂದರು.