ಗೌಡರ ನೋಟಿಸು ತಿದ್ದಿಕೊಟ್ಟದ್ದು

೧೩ ಜೂನ್ ೧೯೭೬, ಭಾನುವಾರ. ಬೆಳಿಗ್ಗೆ ಏಳೂವರೆಗೆ ಪತ್ರಿಕೆಗೆ ಬರೆಯಲು ಕೂತಿದ್ದೇನೆ.

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನದು. ನನಗೆ ಇನ್ನೊಬ್ಬರ ಇಂಗ್ಲಿಷಿನಲ್ಲಿ ತಪ್ಪು ಹುಡುಕುವ ಚಟ. ವಿಜಯನಗರದಲ್ಲಿ ಇದಕ್ಕೆ ಬರಗಾಲವಿಲ್ಲ. ಮಾರ್ಕೆಟ್ ರಸ್ತೆಯ ದರ್ಜಿಯ ಬೋರ್ಡಿನಲ್ಲಿ ‘ಲೇಡೀಸ್ ಸ್ಟಿಚ್ಡ್ ಹಿಯರ್’ ಎಂದಿದೆ. ಹೆಂಗಸರನ್ನೇ ಹೊಲಿದುಬಿಡುವ ಆ ಅಂಗಡಿಗೆ ನನ್ನ ತಂಗಿ ಧೈರ್ಯವಾಗಿ ಹೋಗಿ ಬರುತ್ತಾಳೆ. ನಮ್ಮ ಆಫೀಸಿನ ಹೆಡ್ ಗುಮಾಸ್ತರು ‘ರಿಟರ್ನ್ ಬ್ಯಾಕ್’ ಎಂದು ಬರೆಯದೆ ಯಾವ ಫೈಲನ್ನೂ ವಾಪಸು ಕಳಿಸಿದವರಲ್ಲ. ಇಂಥವನ್ನೆಲ್ಲ ತಾರೀಖು ಹಾಕಿ ಡೈರಿಯಲ್ಲಿ ಬರೆದಿಡುತ್ತೇನೆ, ತಿಂಗಳ ಕೊನೆಗೆ ಒಟ್ಟು ಹಾಕುತ್ತೇನೆ. ಅಮ್ಮನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋದ ಮೇಲೆ, ಸಂಜೆ ಅವಳ ಪಕ್ಕ ಕೂತು ಆ ದಿನದ ತಪ್ಪುಗಳನ್ನು ಓದಿ ಹೇಳುವುದುಂಟು. ಅವಳಿಗೆ ಇಂಗ್ಲಿಷ್ ಬಾರದು. ನಾನು ನಗುವುದನ್ನು ನೋಡಿ ಅರ್ಧ ಬಾಯಲ್ಲಿ ನಗುತ್ತಾಳೆ.

ಕಳೆದ ಭಾನುವಾರ ಮನೆ ಓನರ್ ಗೌಡರು ಬಂದರು. ಬಡಾವಣೆ ಆಗುವ ಮುಂಚೆ ಇಲ್ಲೇ ರಾಗಿ ಬೆಳೆದವರು, ಒಳ್ಳೆಯ ಮನುಷ್ಯ. ಅಪ್ಪ ಮನೆಯಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಜೇಬಿನಿಂದ ಮಡಿಸಿದ ಹಾಳೆ ತೆಗೆದು, “ಒಂದು ನೋಟಿಸು ಬರ್ದಿವ್ನಿ, ವಸಿ ತಿದ್ಕೊಡಪ್ಪ” ಎಂದರು. ಬೀದಿಯ ಇಂಗ್ಲಿಷೆಲ್ಲ ರಿಪೇರಿಗೆ ನನ್ನ ಹತ್ತಿರವೇ ಬರುವುದು ವಾಡಿಕೆ. ಮೊದಲ ಸಾಲಿಗೇ ನನಗೆ ಹಬ್ಬ. ಸ್ಕೂಲಿನಲ್ಲಿ ಜ್ವರ ಬಂದಾಗ ಬರೆಯುತ್ತಿದ್ದ ರಜಾ ಅರ್ಜಿಯೊಂದೇ ಗೌಡರು ಬಲ್ಲ ಇಂಗ್ಲಿಷ್. ಅದರಲ್ಲಿ ಜ್ವರವನ್ನು ತೆಗೆದು ಬಾಡಿಗೆದಾರನನ್ನು ಕೂರಿಸಿದ್ದರು. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಟೆನೆಂಟ್’, ಅಂದರೆ ಬಾಡಿಗೆದಾರನಿಂದ ನರಳುತ್ತಿದ್ದೇನೆ. ‘ಕೈಂಡ್ಲಿ ಗ್ರಾಂಟ್ ಮಿ ಮೈ ಹೌಸ್’, ದಯವಿಟ್ಟು ನನ್ನ ಮನೆಯನ್ನು ನನಗೆ ಮಂಜೂರು ಮಾಡಿ. ಕೊನೆಯಲ್ಲಿ ‘ಯುವರ್ ಒಬೀಡಿಯಂಟ್ ಓನರ್’, ತಮ್ಮ ವಿಧೇಯ ಮಾಲೀಕ! ನಗು ತಡೆದುಕೊಂಡು, “ಯಾವ ಮನೆಗೆ ಗೌಡ್ರೇ ಇದು?” ಎಂದೆ.

“ನಿಮ್ಮನೆಗೇ ಕಣಪ್ಪ. ಅಳಿಯ ತೀರ್ಕೊಂಡ್ನಲ್ಲ, ಮಗಳು ಎರಡು ಮಕ್ಳು ಕಟ್ಕೊಂಡು ಬಂದವ್ಳೆ. ಪಕ್ಕದ ಮನೇನೂ ನಂದೇಯ, ಆದ್ರೆ ಅದ್ರಾಗಿರೋರು ಪೊಲೀಸ್ನೋರು, ಅವ್ರಿಗೆ ಬಿಡಿ ಅನ್ನಕ್ಕಾಯ್ತದಾ?”

“ಅಪ್ಪಂಗೆ ಬಾಯಲ್ಲೇ ಹೇಳಬಹುದಿತ್ತಲ್ಲ?”

ಗೌಡರು ಅಮ್ಮನ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. “ಕನ್ನಡದಾಗೆ ಹೇಳಿದ್ರೆ ಬೈದಂಗಾಯ್ತದೆ. ಇಂಗ್ಲಿಷಾದ್ರೆ ಯಾರೋ ಸರ್ಕಾರದೋರು ಹೇಳ್ದಂಗಿರ್ತದೆ.”

ಆಗಲೇ ಹಾಳೆಯನ್ನು ಹಿಂದಕ್ಕೆ ಕೊಡಬೇಕಿತ್ತು. ಮೆಟ್ಟಿಲಿಲ್ಲದ, ಕಕ್ಕಸು ಒಳಗೇ ಇರುವ ಇಂಥ ಮನೆ ಅಮ್ಮನಿಗೆ ಮತ್ತೆ ಸಿಗುವುದಿಲ್ಲ ಎಂಬುದು ಗೊತ್ತಿತ್ತು. ಆದರೆ ಪೆನ್ನು ಆ ‘ಸಫರಿಂಗ್’ ಮೇಲೆ ಗೀಟು ಎಳೆದಾಗಿತ್ತು. ಅದೊಂದನ್ನು ತಿದ್ದಿ ಮುಂದಿನದನ್ನು ಬಿಡಲು ಮನಸ್ಸಾಗಲಿಲ್ಲ. ಎಲ್ಲ ಮುಗಿಸಿ, ಬೇರೆ ಹಾಳೆಯಲ್ಲಿ ಅಂದವಾಗಿ ಬರೆದೂ ಕೊಟ್ಟೆ. ಮನೆ ಖಾಲಿ ಮಾಡುವ ಗಡುವಿನ ಸಾಲೊಂದು ಬಿಟ್ಟುಹೋಗಿತ್ತು, ಅದನ್ನು ಗೌಡರನ್ನು ಕೇಳಿ ಸೇರಿಸಿದೆ. “ಲಾಯರ್ ಬರ್ದಂಗೈತೆ ಕಣಪ್ಪ” ಎಂದು ಅವರು ಕೈ ಮುಗಿದಾಗ, ನಾಚಿಕೆಯ ಮಾತು, ನನಗೆ ಸಂತೋಷವೇ ಆಯಿತು.

ಬುಧವಾರ ಅಪ್ಪನ ಕೈಗೆ ನೋಟಿಸು ಬಂತು. ನಿಧಾನವಾಗಿ ಓದಿದರು.

“ಅಕ್ಷರ ನಿಂದಲ್ವೇನೋ?”

“ಹೌದಪ್ಪ. ತುಂಬಾ ತಪ್ಪಿತ್ತು.”

“ಹಾಗೇ ಬಿಟ್ಟಿದ್ರೆ, ಅರ್ಥ ಆಗ್ಲಿಲ್ಲ ಗೌಡ್ರೇ ಅಂತ ಇನ್ನೊಂದೆರಡು ತಿಂಗಳು ತಳ್ಳಬಹುದಿತ್ತಲ್ಲೋ, ಪಂಡಿತ!”

ಅಂದಿನಿಂದ ಸಂಜೆ ಹೊತ್ತು ರಾಜಾಜಿನಗರದಿಂದ ಸುಂಕದಕಟ್ಟೆಯವರೆಗೆ ಬಾಡಿಗೆ ಬೋರ್ಡು ಹುಡುಕುತ್ತ ಅಲೆಯುತ್ತಿದ್ದೇನೆ. “ಮಲಗಿದೋರು ಇದಾರಾ? ಹಂಗಾದ್ರೆ ಬೇಡ ಸಾರ್” ಎನ್ನುತ್ತಾರೆ, ತಪ್ಪೇ ಇಲ್ಲದ ಸ್ವಚ್ಛ ಕನ್ನಡದಲ್ಲಿ. ಅಮ್ಮ ಸಂಜೆ ಡೈರಿಯ ಕಡೆ ಕಣ್ಣು ಮಾಡುತ್ತಾಳೆ. ಇವತ್ತೇನೂ ಸಿಗಲಿಲ್ಲಮ್ಮ ಎನ್ನುತ್ತೇನೆ.

ನೆಲಮಟ್ಟದಲ್ಲಿರುವ, ಕಕ್ಕಸು ಒಳಗಿರುವ, ಮಲಗಿದವರಿದ್ದರೂ ಕೊಡುವ ಮನೆ ಈ ಕಡೆ ಎಲ್ಲಾದರೂ ಇರುವುದು ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ಇಂಗ್ಲಿಷಿನಲ್ಲಿ ಬರೆದರೂ ಆದೀತು. ತಿದ್ದುವುದಿಲ್ಲ.